ಮೇಲಿನ ಕೋಣೆಯ ಪಿಟೀಲು

ರಿಪೇರಿ ಕೋಣೆಯಿಂದ,
ಮಂಗಳವಾರ, ಮಾರ್ಚ್ ೧೧, ಬೆಳಿಗ್ಗೆ

ಪ್ರೀತಿಯ ಕೀಚಲಿ,

ಆಪರೇಷನ್ ಆದ ಕೈ ಹೇಗಿದೆ? ಕಟ್ಟು ಬಿಚ್ಚಿದರೋ ಇಲ್ಲವೋ? ಊತ ಇಳಿದಿದೆಯೋ, ಬೆರಳು ಮಡಚಲು ಬರುತ್ತದೆಯೋ, ಆಸ್ಪತ್ರೆಯ ಊಟ ಗಂಟಲಲ್ಲಿ ಇಳಿಯುತ್ತದೆಯೋ, ಎಲ್ಲವನ್ನೂ ಬಿಡಿಸಿ ಬರೆ. ಹೋದ ಸಲದಂತೆ "ಪರವಾಗಿಲ್ಲ ಅಪ್ಪ" ಎಂದು ಒಂದೇ ಸಾಲು ಬರೆದರೆ ಕಾಗದ ವಾಪಸ್ ಕಳಿಸುತ್ತೇನೆ. ಕೀಚಲಿ ಎಂದರೆ ನೀನು ಈಗಲೂ ಸಿಡುಕುತ್ತೀ, ಗೊತ್ತು. ಆದರೆ ಆರನೇ ವಯಸ್ಸಿನಲ್ಲಿ ಪಿಟೀಲು ಹಿಡಿದು ಬೀದಿಯ ನಾಯಿಗಳನ್ನೆಲ್ಲ ಓಡಿಸಿದವಳಿಗೆ ಮೂವತ್ತೆರಡಕ್ಕೆ ಹೊಸ ಹೆಸರು ಇಡಲು ನನ್ನಿಂದಾಗದು. ಎಡಗೈಯ ಉಂಗುರದ ಬೆರಳೂ ಕಿರುಬೆರಳೂ ಮತ್ತೆ ತಂತಿ ಹಿಡಿಯುತ್ತವೆಯೋ ಇಲ್ಲವೋ ಎನ್ನುವುದು ಆರು ತಿಂಗಳ ಮೇಲೆ ತಿಳಿಯುತ್ತದೆ ಎಂದು ಡಾಕ್ಟರು ಹೇಳಿದರಂತೆ. ಡಾಕ್ಟರಿಗೆ ಮೂಳೆ, ನರ ಗೊತ್ತು, ಪಿಟೀಲು ಗೊತ್ತಿಲ್ಲ. ನೀನು ತಲೆ ಕೆಡಿಸಿಕೊಳ್ಳಬೇಡ. ನಾನೂ ಕೆಡಿಸಿಕೊಂಡಿಲ್ಲ ಎಂದು ಬರೆಯಬೇಕೆಂದಿದ್ದೆ, ಆದರೆ ಅದು ಸುಳ್ಳು.

ಇಲ್ಲಿ ನಾನು, ನಿನ್ನ ಅಮ್ಮ ಕ್ಷೇಮ. ಅವಳ ಮಂಡಿನೋವು ಇದ್ದಹಾಗೇ ಇದೆ, ಬಾಯಿಯೂ ಇದ್ದಹಾಗೇ ಇದೆ. ನಿನ್ನ ಪಿಟೀಲನ್ನು ಪೆಟ್ಟಿಗೆಯಿಂದ ತೆಗೆದು ತಂತಿ ಸಡಿಲಿಸಿ ಇಟ್ಟಿದ್ದೇನೆ. ಒಂದು ಬಿರಡೆ ಜಾರುತ್ತಿತ್ತು, ಸರಿ ಮಾಡಿದೆ. ಫೋನಿನಲ್ಲಿ ಇದನ್ನೆಲ್ಲ ಹೇಳಬಹುದಿತ್ತು, ಆದರೆ ಫೋನಿನಲ್ಲಿ ನಾನು ಬಾಯಿ ತೆಗೆದರೆ ಜಗಳವಾಗುತ್ತದೆ, ನೀನು ಅಳುತ್ತೀ, ನರ್ಸಮ್ಮ ಬಂದು ಕಸಿದುಕೊಳ್ಳುತ್ತಾಳೆ. ಅದಕ್ಕೆ ಈ ಕಾಗದ. ಇದರಲ್ಲಿ ನಿನ್ನಿಂದ ನನಗೊಂದು ಕೆಲಸ ಆಗಬೇಕಾಗಿದೆ. ನಿನ್ನ ಗಂಡನಿಗೆ ನೀನು ಒಂದು ಮಾತು ಬರೆಯಬೇಕು. ನನ್ನ ಮಾತು ಅವನ ಕಿವಿಗೆ ಹೋಗುವುದಿಲ್ಲ, ಏಕೆಂದರೆ ಆ ಕಿವಿಗಳ ಮೇಲೆ ಇಪ್ಪತ್ನಾಲ್ಕು ಗಂಟೆಯೂ ಹೆಡ್‌ಫೋನಿನ ಎರಡು ಬಟ್ಟಲು ಕವಿದಿರುತ್ತವೆ.

ನೀನು ಹೋದ ಮೇಲೆ ಮೇಲಿನ ಕೋಣೆಯ ಗತಿ ಏನಾಗಿದೆ ಎಂದು ಅವನು ಬರೆದಿರಲಾರ. ನಾನು ಬರೆಯುತ್ತೇನೆ, ಊಟವಾದ ಮೇಲೆ ಓದಬೇಡ. ಸದ್ದು ಹೊರಗೆ ಹೋಗಬಾರದೆಂದು ಗೋಡೆಗೆಲ್ಲ ಹಳೆಯ ಹಾಸಿಗೆ ನಿಲ್ಲಿಸಿದ್ದಾನೆ. ಹಾಸಿಗೆ ಸಾಲದ ಕಡೆ ಮೊಟ್ಟೆ ತಟ್ಟೆ ಅಂಟಿಸಿದ್ದಾನೆ. ಪುಕ್ಕಟೆ ಸಿಕ್ಕಿದವು ಅಂತ ಅಂಗಡಿಯ ಹಿಂದಿನಿಂದ ಹೊತ್ತು ತಂದದ್ದು. ಅವುಗಳಲ್ಲಿ ಒಡೆದ ಮೊಟ್ಟೆಯ ಲೋಳೆ ಒಣಗಿಕೊಂಡಿತ್ತು, ಅದಕ್ಕೆ ಇರುವೆ ಬಂತು, ಇರುವೆಯ ಹಿಂದೆ ಜಿರಲೆ ಬಂತು. ಕಿಟಕಿ ತೆರೆದರೆ ಬೀದಿಯ ಗಲಾಟೆ ಒಳಗೆ ಬರುತ್ತದೆಂದು ಕಿಟಕಿಗೂ ಕಂಬಳಿ ಹೊಡೆದಿದ್ದಾನೆ. ಒಳಗೆ ಕಾಲಿಟ್ಟರೆ ಬೆವರು, ಒದ್ದೆ ಟವೆಲ್ಲು, ಬಿಸಿಯಾದ ಕಂಪ್ಯೂಟರು ಎಲ್ಲ ಸೇರಿ ಒಂದು ನಾತ. ಕೀಬೋರ್ಡಿನ ಮನೆಗಳ ನಡುವೆ ಬ್ರೆಡ್ಡಿನ ಪುಡಿ. ಪಕ್ಕದಲ್ಲಿ ಮೂರು ಕಾಫಿ ಲೋಟ, ಮೂರನೆಯದರಲ್ಲಿ ಬೂಷ್ಟು. ನಾನು ಮೂಗು ಮುಚ್ಚಿಕೊಂಡರೆ ನಿನ್ನ ಅಮ್ಮ ಅವನ ಪಕ್ಷ ವಹಿಸಿ, "ನಿಮ್ಮ ಸರೇಸು ಕುದಿಯೋ ವಾಸನೆಗಿಂತ ವಾಸಿ ಬಿಡಿ" ಅನ್ನುತ್ತಾಳೆ. ನಲವತ್ತು ವರ್ಷ ಒಡೆದ ಪಿಟೀಲುಗಳನ್ನು ಅಂಟಿಸಿದ ಆ ಸರೇಸೇ ಈ ಮನೆಯ ಒಲೆ ಹಚ್ಚಿದ್ದು. ಅದನ್ನು ಅವಳಿಗೆ ಯಾರು ಹೇಳಬೇಕು?

ಕೊಳಕನ್ನು ಬೇಕಾದರೆ ಗುಡಿಸಬಹುದು. ನನಗೆ ವಾಕರಿಕೆ ತರಿಸುವುದು ಅವನು ಅಲ್ಲಿ ಕೂತು ಮಾಡುವ ಕೆಲಸ. ಒಂದು ದಿನ ಬಲವಂತವಾಗಿ ಕೂರಿಸಿಕೊಂಡು ತೋರಿಸಿದ. ಎಲ್ಲೋ ಯಾರೋ ಒಬ್ಬ ಪಿಟೀಲಿನವಳನ್ನು ವಾರಗಟ್ಟಲೆ ಕೂರಿಸಿ ಒಂದೊಂದೇ ಸ್ವರ ನುಡಿಸಿ ರೆಕಾರ್ಡ್ ಮಾಡಿಕೊಂಡಿದ್ದಾರಂತೆ. ಅದೇ ಸ್ವರ ಮೆಲ್ಲಗೆ, ಅದೇ ಸ್ವರ ಜೋರಾಗಿ, ಕಮಾನು ಮೇಲೆಳೆದು ಒಂದು, ಕೆಳಗೆಳೆದು ಒಂದು. ಹಾಡಲ್ಲ, ಧಾಟಿಯಲ್ಲ, ಬರೀ ತುಂಡು. ಕೋಳಿ ಅಂಗಡಿಯಲ್ಲಿ ಕಾಲು ಬೇರೆ, ರೆಕ್ಕೆ ಬೇರೆ, ಎದೆ ಬೇರೆ ಹರಡಿರುತ್ತಾರಲ್ಲ, ಹಾಗೆ. ನಿನ್ನ ಗಂಡ ಕೀಬೋರ್ಡಿನ ಒಂದು ಮನೆ ಒತ್ತುತ್ತಾನೆ, ಒಂದು ತುಂಡು ಬೀಳುತ್ತದೆ. ಇನ್ನೊಂದು ಒತ್ತುತ್ತಾನೆ, ಇನ್ನೊಂದು ತುಂಡು. ಎಲ್ಲವನ್ನೂ ಹೊಲಿದು ಕೋಳಿ ನಡೆಯುತ್ತಿದೆ ನೋಡಿ ಅನ್ನುತ್ತಾನೆ. "ಇದು ಯಂತ್ರದ ಸದ್ದಲ್ಲ ಮಾವ, ಸ್ಯಾಂಪಲ್ಲು, ಅಸಲಿ ಪಿಟೀಲಿನದೇ" ಅಂತ ನನಗೇ ತಿದ್ದುಪಡಿ. ಅಳಿಯ ಅಲ್ಲ ಮಗಳ ಗಂಡ ಅಂದಹಾಗೆ! ಈ ಗಾದೆಯನ್ನು ಅವನ ಮುಖದ ಮೇಲೇ ಹೇಳಿದೆ. ಅವನು ನಕ್ಕ. ಅವನು ನಗುವುದನ್ನೂ ನನಗೆ ಈಚೆಗೆ ಸಹಿಸಲಾಗುವುದಿಲ್ಲ.

ಪರದೆಯ ಮೇಲೆ ಸಾಲಾಗಿ ತಿರುಗಣೆಗಳಿವೆ. ಒಂದನ್ನು ತಿರುಗಿಸಿದರೆ ಕಮಾನು ತಂತಿಗೆ ಉಜ್ಜುವ ಕರಕರ ಎಷ್ಟು ಬೇಕೋ ಅಷ್ಟು. ಇನ್ನೊಂದು ನುಡಿಸುವವಳ ಉಸಿರಿಗೆ. ಮತ್ತೊಂದರಲ್ಲಿ ಮರದ ಕೋಣೆ, ಕಲ್ಲಿನ ಹಜಾರ, ದೊಡ್ಡ ಸಭಾಂಗಣ, ಯಾವುದು ಬೇಕೋ ಅದರ ಮಾರ್ದನಿ. ಇರುವೆ ಹರಿಯುವ ಹಾಸಿಗೆಯ ನಡುವೆ ಕೂತು ಸಭಾಂಗಣ! ಎಲ್ಲಕ್ಕಿಂತ ಹೇಸಿಗೆಯದು ಕೊನೆಯ ತಿರುಗಣೆ. ಅದನ್ನು ತಿರುಗಿಸಿದರೆ ಸ್ವರಗಳು ಕೂದಲೆಳೆಯಷ್ಟು ಹಿಂದೆ ಮುಂದೆ ಸರಿದು, ಮನುಷ್ಯ ನುಡಿಸಿದಾಗ ಆಗುವ ತಪ್ಪುಗಳಂತೆ ಕೇಳಿಸುತ್ತವಂತೆ. ತಪ್ಪನ್ನೂ ಇವರು ಅಳೆದು ಹಾಕುತ್ತಾರೆ ನೋಡು. ನೀನು ತಪ್ಪು ಮಾಡಿದಾಗಲೆಲ್ಲ ನಾನು ರೇಗಿದ್ದೇನೆ, ನಿಜ. ಆದರೆ ಆ ತಪ್ಪುಗಳು ನಿನ್ನವೇ ಆಗಿದ್ದವು, ಯಾರೋ ಮಾರಿದವಲ್ಲ.

ಈಗ ಭಾನುವಾರದ ವಿಷಯಕ್ಕೆ ಬರುತ್ತೇನೆ. ಮಧ್ಯಾಹ್ನ ಊಟಕ್ಕೆ ನಿನ್ನ ಚಿಕ್ಕಪ್ಪ ಬಂದಿದ್ದ. ನೀವು ಗಂಡಹೆಂಡತಿ ಸೇರಿ ಮಾಡುತ್ತಿದ್ದ ರೆಕಾರ್ಡಿಂಗು ಎಲ್ಲಿಗೆ ಬಂತೆಂದು ಅವನು ಕೇಳಿದ. ನೀನು ಕಟ್ಟಿದ ಆ ನಿಧಾನದ ಧಾಟಿಗೆ ನಿನ್ನ ಪಿಟೀಲೂ ಇದೆ, ನೀನಿಲ್ಲದಾಗ ಯಂತ್ರದಿಂದ ಮಾಡಿಸಿದ್ದೂ ಇದೆ, ಯಾವುದನ್ನು ಇಟ್ಟುಕೊಳ್ಳಬೇಕೆಂದು ಇನ್ನೂ ತೀರ್ಮಾನಿಸಿಲ್ಲ ಎಂದು ನಿನ್ನ ಗಂಡ ಬಾಯಿ ಬಿಟ್ಟ. ನನಗೆ ಮೈ ಉರಿದುಹೋಯಿತು. ತೀರ್ಮಾನಿಸುವುದಕ್ಕೆ ಏನಿದೆ? "ಎರಡನ್ನೂ ಹಾಕು, ಯಾವುದು ಯಾವುದು ಅಂತ ಹೇಳ್ಬೇಡ. ಒಂದು ಸ್ವರ ಸಾಕು ನನಗೆ" ಅಂದೆ. ಅವನು ಬೇಡ ಮಾವ, ಊಟ ಆಗಲಿ ಮಾವ ಎಂದು ನುಣುಚಿಕೊಳ್ಳಲು ನೋಡಿದ. ನಿನ್ನ ಅಮ್ಮನೂ ಸಾರು ಬಡಿಸುವ ನೆಪದಲ್ಲಿ ಮಾತು ತಿರುಗಿಸಿದಳು. ನಾನು ಬಿಡುತ್ತೇನೆಯೇ? ಕಂಪ್ಯೂಟರನ್ನು ಕೆಳಗೇ ತರಿಸಿದೆ.

ಮೊದಲನೆಯದು ಮುಗಿಯುವಷ್ಟರಲ್ಲಿ ನಾನು ತಟ್ಟೆ ಪಕ್ಕಕ್ಕೆ ತಳ್ಳಿದೆ. ಸ್ವರ ಮೇಲೇರುವ ಕಡೆಯೆಲ್ಲ ಏನೋ ಅಂಜಿಕೆ. ಎಲ್ಲಿ ಬೆರಳು ತಂತಿಯನ್ನು ಒತ್ತಿ ನಡುಗಿಸಬೇಕೋ ಅಲ್ಲಿ ಬರೀ ಮುಟ್ಟಿ ಬಿಟ್ಟಂತೆ, ಸತ್ತ ಸದ್ದು. ಒಂದು ಕಡೆ ಸ್ವರದಿಂದ ಸ್ವರಕ್ಕೆ ಹೋಗುವಾಗ ಕಾಲು ಎಳೆದುಕೊಂಡು ನಡೆದಂತೆ ಜಾರುವುದು ಬೇರೆ. "ಇದು ಹೆಣ. ಹೆಣಕ್ಕೆ ಇಸ್ತ್ರಿ ಅಂಗಿ ಹಾಕಿ ಕೂರಿಸಿದ್ದೀಯ. ಊಟದ ಮುಂದೆ ಇದನ್ನ ಕೇಳಿಸ್ತಾರೇನಯ್ಯಾ?" ಅಂದೆ. ಎರಡನೆಯದು ಶುರುವಾಯಿತು ನೋಡು, ನನಗೆ ತಡೆಯಲಾಗಲಿಲ್ಲ. ತುಂಬಿದ ನಾದ, ಮೇಲಿನ ಸ್ವರದಲ್ಲಿ ಆ ನಡುಕ, ಕೊನೆಯಲ್ಲಿ ಉಸಿರು ಬಿಟ್ಟದ್ದೂ ಕೇಳಿಸಿತು. ಎಲ್ಲರೆದುರಿಗೆ ಕಣ್ಣಲ್ಲಿ ನೀರು ಬಂತು, ನಾಚಿಕೆಯೇನಿಲ್ಲ. "ಇದು ನನ್ನ ಮಗಳು" ಅಂದೆ. ನಿನ್ನ ಚಿಕ್ಕಪ್ಪ ಮೇಜು ತಟ್ಟಿ, "ಕಿವಿ ಅಂದ್ರೆ ನಮ್ಮಣ್ಣನ ಕಿವಿ!" ಅಂದ. ನಿನ್ನ ಅಮ್ಮ ಎದ್ದು ಅಡುಗೆಮನೆಗೆ ಹೋದಳು. ನಿನ್ನ ಗಂಡ ತಟ್ಟೆ ನೋಡುತ್ತಾ "ಸರಿ ಮಾವ" ಅಂದ, ಅಷ್ಟೇ. ಮುಖದಲ್ಲಿ ರಕ್ತವಿರಲಿಲ್ಲ. ಸೋತವನ ಮುಖ ಹೇಗಿರುತ್ತದೆಂದು ನನಗೆ ಗೊತ್ತಿಲ್ಲವೇ?

ಆಗಲೇ ಹೇಳಿದೆ, ಆ ಹೆಣವನ್ನು ಈಗಲೇ, ನನ್ನ ಕಣ್ಣೆದುರಿಗೆ ಅಳಿಸಿಬಿಡು ಅಂತ. ಮದುವೆಯಾದ ಮೂರು ವರ್ಷದಲ್ಲಿ ನನ್ನ ಮಾತಿಗೆ ಎದುರಾಡದವನು ಕಂಪ್ಯೂಟರನ್ನು ಟಪ್ಪನೆ ಮುಚ್ಚಿ, "ಅದೊಂದನ್ನ ಮಾತ್ರ ಕೇಳ್ಬೇಡಿ ಮಾವ. ಮಾಡಲ್ಲ" ಅಂದ. ಹಾಗೆ ಅಂದವನು ಅದನ್ನು ಎದೆಗೆ ಅವಚಿಕೊಂಡು ಮೆಟ್ಟಿಲು ಹತ್ತಿದ. ಆಮೇಲಿಂದ ಏನೂ ಆಗಿಲ್ಲವೆಂಬಂತೆ ನನಗೆ ಬಿಸಿನೀರು ಕಾಯಿಸಿಕೊಡುತ್ತಾನೆ, ನನ್ನ ಕನ್ನಡಕ ಹುಡುಕಿಕೊಡುತ್ತಾನೆ. ಈ ವಿನಯವೇ ನನಗೆ ಹೆಚ್ಚು ಅಸಹ್ಯ. ಅಷ್ಟು ಮೆತ್ತಗಿರುವವನು ಆ ಕೊಳೆತ ತುಂಡುಗಳ ಮೂಟೆಯನ್ನು ಏಕೆ ಬಿಡುತ್ತಿಲ್ಲ? ನನಗೆ ಅನ್ನಿಸುವುದನ್ನು ಮುಚ್ಚುಮರೆ ಇಲ್ಲದೆ ಬರೆಯುತ್ತೇನೆ, ಕೀಚಲಿ. ನಿನ್ನ ಬೆರಳು ಏಳುವುದಿಲ್ಲ ಎಂದು ಅವನು ಲೆಕ್ಕ ಹಾಕಿಬಿಟ್ಟಿದ್ದಾನೆ. ಹೆಂಡತಿ ಆಸ್ಪತ್ರೆಯಲ್ಲಿರುವಾಗಲೇ ಅವಳ ಜಾಗದಲ್ಲಿ ಇನ್ನೊಬ್ಬಳನ್ನು ತಂದು ಕೂರಿಸಿದಂತೆ ಆಯಿತು ಇದು.

ಆದ್ದರಿಂದ ಈ ಕಾಗದ ಮುಟ್ಟಿದ ದಿನವೇ ಅವನಿಗೆ ಬರೆ. ಬಲಗೈ ಇದೆಯಲ್ಲ. ಭಾನುವಾರ ಕೇಳಿಸಿದ ಮೊದಲನೆಯದನ್ನು ಅಳಿಸು ಎಂದು ನೀನೇ ಬರೆದರೆ ಅವನು ಇಲ್ಲ ಅನ್ನಲಾರ. ನಿನ್ನದೊಂದೇ ಇರಲಿ ಈ ಮನೆಯಲ್ಲಿ. ಆರು ತಿಂಗಳಾಗಲಿ, ವರ್ಷವಾಗಲಿ, ಆ ಧಾಟಿ ನಿನಗಾಗಿ ಕಾಯಲಿ.

ಔಷಧಿ ತಪ್ಪಿಸಬೇಡ. ವ್ಯಾಯಾಮ ಹೇಳಿಕೊಡುವವರು ನೋಯಿಸಿದರೆ ಬೈಯಬೇಡ, ಅವರ ಕೆಲಸವೇ ಅದು. ಅಮ್ಮ ನಿನಗೆ ಮುತ್ತು ಕಳಿಸಿದ್ದಾಳೆ, ಚಿಕ್ಕಪ್ಪ ಆಶೀರ್ವಾದ ಹೇಳಿದ್ದಾನೆ. ಬೆರಳುಗಳಿಗೆ ಬೇಗ ಬಲ ಬರಲಿ, ಮನಸ್ಸಿಗೆ ಅದಕ್ಕೂ ಮುಂಚೆ ಬರಲಿ.

ನಿನ್ನ,
ಅಪ್ಪ

ಮತ್ತೆ: ಮಧ್ಯಾಹ್ನ ಎರಡೂವರೆ. ಅಂಚೆಯವನು ಮೂರಕ್ಕೆ ಡಬ್ಬಿ ತೆರೆಯುತ್ತಾನೆ, ಅದಕ್ಕೆ ಅವಸರ. ಅಕ್ಷರ ಸೊಟ್ಟಗಿದ್ದರೆ ಕ್ಷಮಿಸು. ಲಕೋಟೆಗೆ ಹಾಕುವ ಮುಂಚೆ ನಿನ್ನ ಅಮ್ಮನಿಗೆ ಇದನ್ನು ಓದಿ ಹೇಳಿದೆ, ಬರೆದದ್ದು ಚೆನ್ನಾಗಿದೆ ಎಂಬ ಜಂಬ ಬೇರೆ. ಅವಳು ಕೇಳಿಸಿಕೊಂಡು ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟು, "ಅದನ್ನ ಕಳಿಸ್ಬೇಡಿ. ಹೆಣ ಅಂದ್ರಲ್ಲ, ಅದೇ ನಿಮ್ಮ ಮಗಳದು. ನೀವು ಅತ್ತದ್ದು ಯಂತ್ರಕ್ಕೆ" ಅಂದಳು. ಆಸ್ಪತ್ರೆಗೆ ಸೇರುವ ಮೂರು ದಿನ ಮುಂಚೆ, ಎರಡು ಬೆರಳು ಮರಗಟ್ಟಿದ್ದಾಗ ನೀನು ನುಡಿಸಿದ್ದಂತೆ. ಅಪ್ಪನಿಗೆ ಹೇಳಬೇಡಿ ಎಂದು ಅಮ್ಮ, ಗಂಡ ಇಬ್ಬರಿಂದಲೂ ಮಾತು ತೆಗೆದುಕೊಂಡಿದ್ದೆಯಂತೆ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ನನಗೆ ನನ್ನ ಕೂಸಿನ ಗುರುತೇ ಸಿಗಲಿಲ್ಲ. ಬೆಳಿಗ್ಗೆಯಿಂದ ಎರಡು ಹಾಳೆ ತುಂಬ ಯಾರ ಯಾರ ಮೇಲೋ ಹೇಸಿಗೆ ಕಾರಿದೆ, ಈಗ ನನ್ನ ಮೇಲೆ ನನಗೇ ಹೇಸಿಗೆಯಾಗಿ ಕೂತಲ್ಲಿ ಕೂರಲಾಗುತ್ತಿಲ್ಲ. ಮೇಲೆ ಹೋಗಿ ಬಾಗಿಲು ತಟ್ಟಿದೆ. ಅವನು ಆ ಬಟ್ಟಲುಗಳನ್ನು ನನ್ನ ಕಿವಿಗೆ ಹಾಕಿ, ಕುರ್ಚಿ ಬಿಟ್ಟುಕೊಟ್ಟು ಹೊರಗೆ ನಿಂತ. ನಾಲ್ಕು ಸಲ ಕೇಳಿದೆ. ಉಂಗುರದ ಬೆರಳು ಬಾರದ ಕಡೆ ನಡುಬೆರಳನ್ನೇ ಜಾರಿಸಿ ಸ್ವರ ಮುಟ್ಟಿದ್ದೀ. ಮುಟ್ಟುವ ಮುಂಚೆ ಹಲ್ಲು ಕಚ್ಚಿದ್ದು ಕೂಡ ಕೇಳಿಸುತ್ತದೆ. ಅದನ್ನು ನಾನು ಕಾಲು ಎಳೆದುಕೊಂಡು ನಡೆಯುವುದು ಅಂದೆ.

ಮೇಲೆ ಬರೆದದ್ದನ್ನು ಹರಿಯುವುದಿಲ್ಲ, ಓದು, ಬೈ. ಆದರೆ ಅಳಿಸು ಎಂದು ಮಾತ್ರ ಅವನಿಗೆ ಬರೆಯಬೇಡ. ಅವನು ನನ್ನ ಮಾತು ಕೇಳಿದ್ದರೆ ಇವತ್ತು ನಮ್ಮ ಹತ್ತಿರ ನಿನ್ನದೇನೂ ಇರುತ್ತಿರಲಿಲ್ಲ. ಇನ್ನೊಂದು. ನೋವು ಯಾವಾಗ ಶುರುವಾಯಿತು? ಎಷ್ಟು ತಿಂಗಳು ನನ್ನ ಎದುರಿಗೇ ಕೂತು ನೋಯಿಸಿಕೊಂಡು ನುಡಿಸಿದೆ? ನನಗೆ ಏಕೆ ಹೇಳಲಿಲ್ಲ ಎಂದು ಕೇಳುವುದಿಲ್ಲ, ಅದು ನನಗೆ ಗೊತ್ತು. ಎಷ್ಟು ತಿಂಗಳು ಎಂದಷ್ಟೇ ಬರೆ.