ಚಪ್ಪಲಿ ಹುಡುಕುವ ಕಾಲುಗಳು

ನವೆಂಬರ್ ೧೮, ಮಂಗಳವಾರ

ನಿರ್ದೇಶಕರ ಬೈಗುಳ ಇನ್ನೂ ಕಿವಿಯಲ್ಲಿ ಗುಂಯ್‌ಗುಡುತ್ತಿದೆ. ತಪ್ಪು ನನ್ನದಲ್ಲ. ನಮ್ಮದು ಸಾಕ್ಷ್ಯಚಿತ್ರದ ಸೋಗು ಹಾಕಿದ ಹಾಸ್ಯ ಸಿನಿಮಾ. ಜನ ಮರೆತ ಗಾಯಕಿಯೊಬ್ಬಳು ಮತ್ತೆ ವೇದಿಕೆ ಹತ್ತುವ ಕತೆ. ಅವಳು ಹಾಡುವಾಗ ಸಭಿಕರು ಬೇಸತ್ತು ಕೂರಬೇಕು. ಆ ಬಾಡಿಗೆ ಸಭಿಕರನ್ನು ತಯಾರು ಮಾಡುವುದು ನನ್ನ ಕೆಲಸ. ಆದರೆ ಆ ಗಾಯಕಿಯ ಪಾತ್ರ ಮಾಡುತ್ತಿರುವವರು, ಸೆಟ್ಟಿನಲ್ಲಿ ಎಲ್ಲರೂ ‘ಅಕ್ಕ’ ಎಂದೇ ಕರೆಯುವವರು, ಒಂದು ಕಾಲಕ್ಕೆ ನಿಜವಾಗಿಯೂ ಹೆಸರಾಗಿದ್ದ ಗಾಯಕಿ. ಅವರು ದನಿ ಎತ್ತಿದರೆ ಸಾಕು, ನನ್ನ ಸಭಿಕರು ಆಕಳಿಸುವುದಿರಲಿ, ಕಣ್ಣೊರೆಸಿಕೊಳ್ಳುತ್ತಾರೆ! ಬೆಳಗ್ಗೆಯಿಂದ ಟೇಕ್ ಮೇಲೆ ಟೇಕ್ ಹಾಳು.

ಕೊನೆಗೆ ಅಕ್ಕನೇ ವೇದಿಕೆಯಿಂದ ಇಳಿದು ಬಂದರು.

"ಬೇಜಾರಾದವರು ಆಕಳಿಸಲ್ಲಪ್ಪ. ಮುಖ ನನ್ನ ಕಡೇನೇ ಇರುತ್ತೆ, ಕುರ್ಚಿ ಕೆಳಗೆ ಕಾಲು ಮಾತ್ರ ಮೆಲ್ಲಗೆ ಚಪ್ಪಲಿ ಹುಡುಕುತ್ತೆ. ನಾನೇನು ಕಮ್ಮಿ ನೋಡಿದೀನಾ?"

ತಾವೇ ಕೂತು ಮಾಡಿ ತೋರಿಸಿದರು. ಎಲ್ಲರೂ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ನನ್ನ ನಗು ಮಾತ್ರ ಅರ್ಧಕ್ಕೇ ನಿಂತಿತು. ಎಂಥ ಗುಂಡಿಗೆ ಈ ಹೆಂಗಸಿನದು! ತನಗಾದ ಅವಮಾನವನ್ನು ತಾನೇ ಅಷ್ಟು ಅಚ್ಚುಕಟ್ಟಾಗಿ ಹೇಳಿಕೊಡಬೇಕೆಂದರೆ...

ಮುಂದಿನ ಟೇಕ್ ಓಕೆ ಆಯಿತು. ಊಟಕ್ಕೆ ಬಿಟ್ಟರು. ಅಕ್ಕ ಮಾತ್ರ, "ಶುರು ಮಾಡಿದ್ದನ್ನ ಮುಗಿಸಿಬಿಡ್ತೀನಿ" ಎಂದು ಉಳಿದ ಹಾಡನ್ನು ಎತ್ತಿಕೊಂಡರು. ಕ್ಯಾಮೆರಾ ಆಫ್ ಆಗಿತ್ತು, ಎಲ್ಲರಿಗೂ ಹಸಿವು. ನಾನು ಬಗ್ಗಿ ಕುರ್ಚಿಗಳ ಕೆಳಗೆ ನೋಡಿದೆ. ಒಂದು ಕಾಲೂ ಅಲುಗುತ್ತಿರಲಿಲ್ಲ.

ತಲೆ ಎತ್ತಿದರೆ, ಹಾಡುತ್ತಲೇ ಅಕ್ಕನೂ ಅಲ್ಲೇ ನೋಡುತ್ತಿದ್ದರು, ಕುರ್ಚಿಗಳ ಕೆಳಗೆ.