ಅತ್ತೆ ಹುರಿದ ಗುಂಡಿಗೆ

ಜೂನ್ 5, ಶುಕ್ರವಾರ

ನೈಟ್ ಡ್ಯೂಟಿ ಮುಗಿಸಿ ಶಿವಮೊಗ್ಗದಿಂದ ಭದ್ರಾವತಿ ಬಸ್ಸು. ದಾರಿಯುದ್ದಕ್ಕೂ ಸ್ಪ್ಯಾನಿಷ್ ಬಾಯಿಪಾಠ — ಕೊರಾಸೋನ್, ಹೃದಯ. ಸಾಂಗ್ರೆ, ರಕ್ತ. ಪಕ್ಕದ ಸೀಟಿನ ಹೆಂಗಸು ಮಂತ್ರವೆಂದುಕೊಂಡು ಕೈ ಮುಗಿದಳು!

ಗುರುವಾರ ವಿಡಿಯೋದಲ್ಲಿ ಪರೀಕ್ಷೆ. ಸ್ಪೇನಿನ ಹೃದ್ರೋಗಿಗಳಿಗೆ ಕಾಯಿಲೆ ವಿವರಿಸುವ ನರ್ಸ್ ಕೆಲಸ. ಮನೆಯಿಂದಲೇ, ಹಗಲು ಹೊತ್ತು. ಪಾಸಾದರೆ ರಾತ್ರಿ ಪಾಳಿಗೆ ದೊಡ್ಡ ನಮಸ್ಕಾರ. ಮಗಳು ಸುಮನಾಳ ಪಕ್ಕ ಮಲಗಬಹುದು.

ಜೂನ್ 7, ಭಾನುವಾರ

ಹೃದಯದ ಚಿತ್ರ ನೋಡಿ ತಲೆಗೆ ಹತ್ತುತ್ತಿಲ್ಲ. ಕುರಿಯ ಗುಂಡಿಗೆ ತಂದೆ. "ಖಾಲಿ ದಿಲ್ ಸಾಕಾ ಅಕ್ಕಾ? ಕಲೇಜ ಬ್ಯಾಡ್ವಾ?" ಎಂದ ಅಂಗಡಿಯವನು. ಲಿವರ್ ಬೇಡವೆಂದೆ.

ಸೀಳಿ, ಕಡ್ಡಿ ಚುಚ್ಚಿ ಚೀಟಿ ಅಂಟಿಸಿದೆ — ಔರೀಕುಲಾ, ಮೇಲಿನ ಕೋಣೆ. ಬೆಂತ್ರೀಕುಲೋ, ಕೆಳಗಿನದು. ಬಾಲ್ಬುಲಾ, ಬಾಗಿಲು. ದೆರೇಚಾ ಬಲ, ಇಸ್ಕಿಯೆರ್ದಾ ಎಡ. ಅತ್ತೆ ಪಕ್ಕದಲ್ಲೇ ಕೂತು ಎಲ್ಲ ಕೇಳಿಸಿಕೊಂಡರು. "ಇಷ್ಟು ವರ್ಷ ಹುರ್ದಿದೀನಿ, ಒಳಗೆ ಬಾಗ್ಲಿರೋದು ಗೊತ್ತೇ ಇರ್ಲಿಲ್ಲ ಕಣೆ!"

ಮಧ್ಯಾಹ್ನ ಮಲಗಿ ಎದ್ದರೆ ಮನೆತುಂಬ ಮೆಣಸಿನ ಘಮ. ಗುಂಡಿಗೆ ಬಾಣಲೆಯಲ್ಲಿ!

"ನಾಳೆ ಸೋಮವಾರ. ಮನೇಲಿ ಮಾಂಸ ಇಟ್ಕೊಳ್ಳೋ ಹಂಗಿಲ್ಲ."

ಮೈಯೆಲ್ಲ ಉರಿಯಿತು. ತಿಂದೆ. ಚೆನ್ನಾಗಿತ್ತು, ಏನು ಮಾಡಲಿ...

ಜೂನ್ 11, ಸಂಜೆ

ತೆರೆಯ ಮೇಲೆ ಬಿಳಿಕೂದಲಿನ ಡಾಕ್ಟರಮ್ಮ. ಎಲ್ಲ ಸ್ಪ್ಯಾನಿಷ್‌ನಲ್ಲೇ. "ನಾನು ರೋಗಿ. ಹೃದಯ ಹೇಗೆ ಕೆಲಸ ಮಾಡುತ್ತದೆ, ತಿಳಿಸಿ."

ಬಲಭಾಗ ಸರಾಗ. ಎಡಕ್ಕೆ ಬಂದೆ — ಎಡಕ್ಕೆ ಏನನ್ನುತ್ತಾರೆ? ಅಳುವೇ ಬಂತು.

"ಇಸ್ಕಿಯೆರ್ದಾ ಕಣೇ ಮಾರಾಯ್ತಿ!" ಅಡುಗೆಮನೆಯಿಂದ ಅತ್ತೆ.

ಕೆಲಸ ಹೋಯಿತು ಅಂದುಕೊಂಡೆ. ಡಾಕ್ಟರಮ್ಮ ಅತ್ತೆಯನ್ನೇ ಕರೆಸಿದರು. ಅತ್ತೆ ಸೆರಗಿಗೆ ಕೈ ಒರೆಸಿ, ಮುಷ್ಟಿ ಬಿಗಿದು ಕ್ಯಾಮೆರಾ ಮುಂದೆ ಹಿಡಿದರು. ಮೇಲೆ ಔರೀಕುಲಾ, ಕೆಳಗೆ ಬೆಂತ್ರೀಕುಲೋ, ನಡುವೆ ಬಾಲ್ಬುಲಾ. "ಸಾಂಗ್ರೆ ಒಳಗೆ ಹೋಗುತ್ತೆ, ಬಾಗ್ಲು ಹಾಕ್ಕೊಳ್ಳುತ್ತೆ, ವಾಪಸ್ ಬರಂಗಿಲ್ಲ!" ಕೈಸನ್ನೆ ಸಮೇತ.

ಡಾಕ್ಟರಮ್ಮ ನಗುತ್ತಲೇ ಕೇಳಿದರು. "ಇವರೂ ನರ್ಸಾ?"

"ಅಲ್ಲ, ನನ್ನ ಅತ್ತೆ."

"ಯಾರು ಕಲಿಸಿದ್ದು?"

"ನಾನೇ."

ಏನೋ ಬರೆದುಕೊಂಡರು.

ಜೂನ್ 14, ಭಾನುವಾರ

ಮೇಲ್ ನೋಡಿದೆ. ಪಾಸ್! 'ಎಡ ಮರೆತಿದ್ದೀರಿ, ಕಲಿಯಿರಿ. ಆದರೆ ಅತ್ತೆಗೆ ಅರ್ಥ ಮಾಡಿಸಿದವರು ರೋಗಿಗೂ ಮಾಡಿಸುತ್ತೀರಿ' ಎಂದು ಬರೆದಿದ್ದಾರೆ. ಓದಿ ಅತ್ತೆಯನ್ನು ತಬ್ಬಿಕೊಂಡೆ. ಸುಮನಾ ಆಗಲೇ ನನ್ನ ದಿಂಬು ತಂದು ತನ್ನ ದಿಂಬಿನ ಪಕ್ಕ ಇಟ್ಟಿದ್ದಾಳೆ. ಇಷ್ಟು ಖುಷಿ ಯಾವತ್ತೂ ಆಗಿರಲಿಲ್ಲ.

ಅತ್ತೆ ಚೀಲ ಹಿಡಿದು ಮಾರ್ಕೆಟ್ಟಿಗೆ ಹೋಗಿ ಬಂದರು. "ಇವತ್ತು ಕಲೇಜ ತಂದಿದೀನಿ. ಇದಕ್ಕೇನಂತಾರೆ, ಬೇಗ ಹೇಳು. ಬಾಣಲೆ ಕಾದಿದೆ."

ಅಯ್ಯೋ, ಇರಿ ಅತ್ತೆ, ಮೊದಲು ಕಡ್ಡಿ —