ಅಮ್ಮನ ಹಣೆಗೆ ಇಟ್ಟ ಕರೆಂಟು

ಮಾರ್ಚ್ ೧೪, ಗುರುವಾರ

ಪ್ರೀತಿಯ ಅಕ್ಕನಿಗೆ,

ನೀನು, ಭಾವ, ಮಗು ಎಲ್ಲರೂ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ಉತ್ತರ ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ಅಂಗಡಿಯಲ್ಲಿ ಇಸ್ತ್ರಿಗೆ ಬಂದ ಬಟ್ಟೆ ರಾಶಿ ಬಿದ್ದಿದೆ ಎಂದು ನೆಪ ಹೇಳಬಹುದು. ನಿಜವೆಂದರೆ, ಹೇಗೆ ಬರೆಯಲಿ ಎಂದೇ ತಿಳಿಯಲಿಲ್ಲ.

ಅಮ್ಮನ ಸಿಟ್ಟು ಇಳಿದರೆ ಮಾತ್ರ ಮನೆಗೆ ಬರುತ್ತೇನೆ ಎಂದು ನೀನು ಬರೆದಿದ್ದೆಯಲ್ಲ, ಅದನ್ನು ಅಮ್ಮನಿಗೆ ಓದಿ ಹೇಳಿದೆ. ಗಿರಾಕಿಗಳ ಮುಂದೆ ನಿನ್ನ ಕೆನ್ನೆಗೆ ಹೊಡೆದದ್ದು ಅವಳನ್ನೂ ಚುಚ್ಚುತ್ತಿತ್ತು. ಮುಂದಿನ ವಾರವೇ, ಪಕ್ಕದ ಟೈಲರ್ ಚಿಕ್ಕಮ್ಮ ಹೋಗುತ್ತಿದ್ದ ಆಸ್ಪತ್ರೆಗೆ ಹೊರಟಳು. ಅಲ್ಲಿ ಹಣೆಗೆ ಒದ್ದೆ ಸ್ಪಂಜು ಕಟ್ಟಿ ಮೆದುಳಿಗೆ ಸಣ್ಣಗೆ ಕರೆಂಟು ಹಾಯಿಸುತ್ತಾರೆ. ಮನಸ್ಸಿನ ಹಿಡಿತ ಹೆಚ್ಚುತ್ತದೆಯೇ ಎಂದು ನೋಡುವ ಪ್ರಯೋಗ. ಚಿಕ್ಕಮ್ಮನಿಗೆ ಹೆಚ್ಚಿತ್ತು. ಈಗ ಗಂಡ ಎಷ್ಟು ಕೆಣಕಿದರೂ ಸೂಜಿಗೆ ದಾರ ಪೋಣಿಸುತ್ತ ಕೂತಿರುತ್ತಾಳೆ. "ಜಗಳಾನೇ ಇಲ್ದೆ ಮನೆ ಬಿಕೋ ಅಂತಿದೆ ಕಣಕ್ಕಾ" ಎಂದು ಅವಳ ಗಂಡ ಅಮ್ಮನ ಹತ್ತಿರ ದೂರು ಹೇಳಿದ.

ನಾನೂ ಅಮ್ಮನ ಜೊತೆ ಹೋಗಿ ಕೂರುತ್ತಿದ್ದೆ. ನರ್ಸು ಪ್ರತಿ ಸಲ, "ಏನಮ್ಮಾ, ತಡ್ಕೊಳ್ಳೋಕೆ ಆಗ್ತಿದೆಯಾ?" ಎಂದು ಕೇಳುತ್ತಿದ್ದಳು. ಹಣೆ ಚುರುಗುಟ್ಟುವುದನ್ನು ಕೇಳುತ್ತಿದ್ದಾಳೆ ಎಂದುಕೊಂಡೆವು. "ಎರಡು ಹೆತ್ತಿದೀನಿ, ಇದ್ಯಾವ ಮಹಾ. ಆರಾಮಾಗಿ ತಡ್ಕೋತೀನಿ" ಎನ್ನುತ್ತಿದ್ದಳು ಅಮ್ಮ. ನರ್ಸು ಕೇಳುತ್ತಿದ್ದುದು ಸಿಟ್ಟು ತಡೆದುಕೊಳ್ಳುವ ಬಗ್ಗೆ ಎಂದು ಆಮೇಲೆ ಗೊತ್ತಾಯಿತು. ಗುಣವಾಗುತ್ತಿದೆ ಎಂದು ತಿಳಿದು ಅವರು ಮುಂದುವರಿಸಿದರು.

ಇತ್ತ ಅಂಗಡಿಯಲ್ಲಿ ಅಮ್ಮನ ಬಾಯಿಗೆ ಬೀಗವೇ ಇಲ್ಲದಂತಾಯಿತು. ಮೊದಲು ಗಿರಾಕಿ ಬೆನ್ನು ತಿರುಗಿಸಿದ ಮೇಲೆ ಗೊಣಗುತ್ತಿದ್ದುದನ್ನು ಮುಖಕ್ಕೇ ಹೇಳತೊಡಗಿದಳು. ಬ್ಯಾಂಕಿನ ಮ್ಯಾನೇಜರಿಗೆ, "ನಿಮ್ಮ ಕಾಲರ್ ನೋಡಿದ್ರೆ ಕತ್ತಿಗೂ ನೀರಿಗೂ ಮಾತುಕತೆ ನಿಂತಂಗಿದೆ ಸಾರ್" ಅಂದಳು. ನನಗೆ ನಗು ಬಂದು ತೂಗುಹಾಕಿದ ಶರ್ಟುಗಳ ಹಿಂದೆ ಅಡಗಿದೆ. ಅವರು ಮತ್ತೆ ಬರಲಿಲ್ಲ. ಆಮೇಲೆ ಒಂದು ದಿನ ನನ್ನ ಮೇಲೂ ಹರಿಹಾಯ್ದಳು.

ಮೂಗಿ ಮೂಗಿ ಎಂದು ನೀನು ಕರೆಯುವ ನಾನೇ ಕೊನೆಗೆ ಡಾಕ್ಟರಮ್ಮನ ಮುಂದೆ ಬಾಯಿಬಿಟ್ಟೆ. ಅವರ ಮುಖ ಸಪ್ಪಗಾಯಿತು. "ಅದೇ ಕರೆಂಟು, ಇಟ್ಟಿದ್ದೂ ಅದೇ ಜಾಗ. ಆದ್ರೆ ಒಂದೊಂದು ತಲೆ ಒಂದೊಂದು ಥರ ತಗೊಳ್ಳುತ್ತೆ ಕಣಮ್ಮ. ಕೆಲವರಿಗೆ ಹಿಡಿತ ಬರುತ್ತೆ, ಕೆಲವರಿಗೆ ಏನೂ ಆಗಲ್ಲ, ಕೆಲವರಿಗೆ ಇದ್ದದ್ದೂ ಸಡಿಲ ಆಗುತ್ತೆ. ಯಾರಿಗೆ ಹೇಗೆ ಅಂತ ಮೊದಲೇ ಹೇಳೋಕೆ ನಮಗಿನ್ನೂ ಬರಲ್ಲ" ಎಂದರು. ಅಂದೇ ನಿಲ್ಲಿಸಿದರು. ಅಮ್ಮ ಈಗ ನಿಧಾನವಾಗಿ ಮೊದಲಿನಂತಾಗುತ್ತಿದ್ದಾಳೆ.

ಅಕ್ಕಾ, ಅಮ್ಮ ಪ್ರಯತ್ನವೇ ಮಾಡಲಿಲ್ಲ ಎಂದು ಮಾತ್ರ ತಿಳಿಯಬೇಡ. ಚಿಕ್ಕಮ್ಮನಿಗೆ ಆದದ್ದು ಅವಳಿಗೆ ಆಗಲಿಲ್ಲ, ಅಷ್ಟೇ. ಸಿಟ್ಟು ಇದ್ದರೆ ಇರಲಿ, ಒಮ್ಮೆ ಬಂದು ಹೋಗು. ಅವಳಿನ್ನೂ ಮಗುವಿನ ಮುಖ ನೋಡಿಲ್ಲ. ನೀವು ಮೂವರೂ ತಣ್ಣಗಿರಿ ಎಂದು ಹರಸಿದ್ದಾಳೆ.

ನಿನ್ನ ತಂಗಿ,
ಮೂಗಿ

ತಾ.ಕ.: ಹರಿಹಾಯ್ದ ಆ ದಿನ ಅಮ್ಮ ನನಗೆ ಅಂದದ್ದು ಇಷ್ಟು: "ಬಿಟ್ಟು ಹೋಗೋದಾದ್ರೆ ನೀನು ಹೋಗ್ಬೇಕಿತ್ತು. ನನಗೆ ಅವಳೊಬ್ಬಳೇ ಸಾಕಿತ್ತು." ಅವಳಿಗೆ ಅದು ನೆನಪಿದೆ. ಅದಕ್ಕೇ ಈಗ ನನ್ನ ತಟ್ಟೆಗೆ ಕೇಳದೆಯೇ ಇನ್ನಷ್ಟು ಬಡಿಸುತ್ತಾಳೆ. ಕರೆಂಟು ಆಡಿಸಿದ ಮಾತು, ಮನಸ್ಸಿಗೆ ಹಚ್ಚಿಕೊಳ್ಳಬೇಡ ಎಂದರು ಡಾಕ್ಟರಮ್ಮ. ಆ ಮಾತು ಮೊದಲೇ ಒಳಗೆ ಇತ್ತೇ ಎಂದು ಅವರನ್ನು ಕೇಳಬೇಕಿತ್ತು. ಕೇಳಲಿಲ್ಲ. ನೀನು ಬರುವ ದಿನ ತಿಳಿಸು. ನೀನೂ ಅಮ್ಮನೂ ಮನೆಯಲ್ಲಿರಿ, ಅಂಗಡಿ ನಾನು ನೋಡಿಕೊಳ್ಳುತ್ತೇನೆ.